ಸೀಳುನಾಯಿಗಳ ಪಾಲು

ಹಳ್ಳದ ಆಚೆ ದಡದಲ್ಲಿ ಸಾಲಾಗಿ ಕೂತ ಕೆಂಪು ನಾಯಿಗಳು, ಈಚೆ ದಡದಲ್ಲಿ ಅವು ಕೆಡವಿದ ಜಿಂಕೆಯನ್ನು ಕುಯ್ಯುತ್ತಿದ್ದ ನಾವು. ನನ್ನ ಪ್ರಾಯದ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಇದೇ. ಅವುಗಳ ಮೂತಿಗೆ ಮೆತ್ತಿದ್ದ ರಕ್ತವೇ ನಮ್ಮ ಮೊಣಕೈವರೆಗೂ ಮೆತ್ತಿರುತ್ತಿತ್ತು. ಅವು ಬೊಗಳುತ್ತಿರಲಿಲ್ಲ, ಮೈಮೇಲೆ ಬೀಳುತ್ತಲೂ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದವು.

ನಮ್ಮೂರು ಕಾಡಿನ ಅಂಚಿನಲ್ಲಿತ್ತು. ಬೆಳಗಾಗುವ ಹೊತ್ತಿಗೆ ಕಾಡಿನೊಳಗಿಂದ ಸಿಳ್ಳೆ ಕೇಳಿಸಿತೆಂದರೆ ಸೀಳುನಾಯಿಗಳು ಒಂದನ್ನೊಂದು ಕರೆಯುತ್ತಿವೆ, ಬೇಟೆ ಬಿದ್ದಿದೆ ಎಂದು ಅರ್ಥ. ದೊಣ್ಣೆ, ಮಚ್ಚು ಹಿಡಿದು ಓಡುತ್ತಿದ್ದೆವು. ಹುಲಿಯ ಹಾಗೆ ಕುತ್ತಿಗೆ ಹಿಡಿದು ಒಂದೇ ಏಟಿಗೆ ಮುಗಿಸುವ ಪ್ರಾಣಿಯಲ್ಲ ಅದು. ಒಂದು ಮೂತಿಗೆ ಜೋತುಬಿದ್ದರೆ ಇನ್ನೆರಡು ಹಿಂದಿನಿಂದ ಹೊಟ್ಟೆ ಹರಿಯುತ್ತವೆ. ಜಿಂಕೆ ಇನ್ನೂ ನಿಂತಿರುವಾಗಲೇ ಕರುಳು ನೆಲಕ್ಕೆ ಬಿದ್ದಿರುತ್ತದೆ. ಅಂಥ ನಾಯಿಗಳು ನಾವು ಕೂಗಿ ಚಪ್ಪಾಳೆ ತಟ್ಟಿದರೆ ಹಿಂದೆ ಸರಿಯುತ್ತಿದ್ದವು! ಮಾಂಸ ನಮ್ಮದಾಗುತ್ತಿತ್ತು. ಆದರೆ ಕಟ್ಟಳೆಯೊಂದಿತ್ತು. ತಲೆ, ಕರುಳು ಮತ್ತು ಒಂದು ತೊಡೆಯನ್ನು ಅಲ್ಲೇ ಬಿಟ್ಟು ಬರಬೇಕು. ಅದು ನಾಯಿಗಳ ಪಾಲು.

"ದುಡಿದೋರ ಹೊಟ್ಟೆ ಮ್ಯಾಲೆ ಹೊಡೀಬಾರ್ದು ಕಣ್ಲಾ," ಎನ್ನುತ್ತಿದ್ದ ನಮ್ಮಪ್ಪ. ನಾನು ಹೇಳಹೊರಟಿರುವುದು ನಡೆಯುವ ವೇಳೆಗೆ ಅಪ್ಪ ತೀರಿಕೊಂಡಿದ್ದ. ಮನೆಗೆ ನಾನೇ ಯಜಮಾನ.

ಆ ಕಾಡಿಗೆ ಕೇತಯ್ಯ ಎಂಬ ಮುದುಕ ಕಾವಲುಗಾರನಾಗಿದ್ದ. ಪ್ರಾಯದಲ್ಲಿ, ಸೀಳುನಾಯಿ ಕೊಂದವರಿಗೆ ಇನಾಮು ಸಿಗುತ್ತಿದ್ದ ಕಾಲದಲ್ಲಿ, ಬಿಲಕ್ಕೆ ಹೊಗೆ ಹಾಕಿ ಹೊರಗೆ ಬಂದ ಮರಿಗಳನ್ನು ಬಂಡೆಗೆ ಬಡಿದು ಕೊಂದವನು ಅವನು. ಅದನ್ನು ಅವನೇ ಹೇಳುತ್ತಿದ್ದ, ಮುಚ್ಚುಮರೆಯಿಲ್ಲದೆ. ಕೊಂದು ಕೊಂದು ಕೊನೆಗೆ ಕಾಡಿನಲ್ಲಿ ಉಳಿದದ್ದು ಒಂದೇ ಹಿಂಡು. ಒಂಬತ್ತು ದೊಡ್ಡವು, ಬಂಡೆಯ ಬುಡದ ಬಿಲದಲ್ಲಿ ಆರು ಮರಿಗಳು. ಹೆತ್ತದ್ದು ಒಂದೇ ನಾಯಿಯಾದರೂ ಸಾಕುವುದು ಹಿಂಡಿಗೆ ಹಿಂಡೇ. ಬೇಟೆಗೆ ಹೋದವು ಹೊಟ್ಟೆ ತುಂಬ ತಿಂದು ಓಡಿಬಂದು, ಮರಿಗಳ ಮುಂದೆ, ಕಾವಲಿಗೆ ಉಳಿದ ನಾಯಿಯ ಮುಂದೆ ಅದನ್ನೇ ಕಕ್ಕುತ್ತವೆ.

"ಈ ಹಿಂಡೂ ಹೋಯ್ತು ಅಂದ್ರೆ ಈ ಕಾಡ್ನಾಗೆ ಸಿಳ್ಳೆ ಅನ್ನೋದೇ ನಿಂತೋಯ್ತದೆ ಕಣಪ್ಪ," ಎಂದು ಕೇತಯ್ಯ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ನಾವು, "ಅಜ್ಜನಿಗೆ ಮೊಮ್ಮಕ್ಕಳು ಹುಟ್ಟವ್ರೆ," ಎಂದು ನಗುತ್ತಿದ್ದೆವು.

ಆ ವರ್ಷ ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಬೀಗರು ಬಂದು ಮೂರು ದಿನ ಉಳಿದರು. ಮೂರು ದಿನವೂ ಬೆಳಗ್ಗೆ ಸಿಳ್ಳೆ ಕೇಳಿಸಿತು, ಮೂರು ದಿನವೂ ನಾನು ಓಡಿದೆ. "ಬೀಗರೇ, ನಿಮ್ಮನೆ ಊಟ ಅಂದ್ರೆ ಊಟ!" ಎಂದು ಅವರು ಎಲೆ ಮುಂದೆ ಹೊಗಳುತ್ತಿದ್ದರೆ ನಾನು ಉಬ್ಬಿಹೋಗುತ್ತಿದ್ದೆ.

ನಾಲ್ಕನೆಯ ದಿನ ನಡುಹಗಲಲ್ಲಿ ನಮ್ಮ ಹಸು ಚಂದ್ರಿಯ ಕೂಗು ಕೇಳಿಸಿತು. ತುಂಬಿದ ಗಬ್ಬದ ಹಸು, ಇವತ್ತೋ ನಾಳೆಯೋ ಈಯಬೇಕಿತ್ತು. ಹಳ್ಳದ ಹತ್ತಿರ ಮೇಯಲು ಬಿಟ್ಟಿದ್ದೆ. ಓಡಿಹೋದಾಗ ಅವಳು ಮುಂಗಾಲು ಮಡಿಸಿ ಮಂಡಿಯ ಮೇಲೆ ನಿಂತಿದ್ದಳು. ಒಂದು ನಾಯಿ ಮೂಗಿಗೆ ಜೋತುಬಿದ್ದಿತ್ತು. ಹಿಂದೆ ಹೊಟ್ಟೆ ಬಾಯಿ ಬಿಟ್ಟಿತ್ತು, ಕರುವನ್ನು ಅರ್ಧ ಹೊರಗೆ ಎಳೆದಿದ್ದವು. ಕರುವಿನ ಕಿವಿ ಅಲ್ಲಾಡುತ್ತಿತ್ತು. ಚಪ್ಪಾಳೆ ತಟ್ಟಿದೆ, ಕೂಗಿದೆ, ಕಲ್ಲು ಬೀರಿದೆ. ಒಂದೂ ಕದಲಲಿಲ್ಲ. ನಮ್ಮ ಸದ್ದಿಗೆ ಅವು ಬಗ್ಗದೇ ಇದ್ದದ್ದು ಅದೇ ಮೊದಲು. ದೊಣ್ಣೆ ಬೀಸುತ್ತ ನಡುವೆ ನುಗ್ಗಿದ ಮೇಲೆಯೇ ಹಳ್ಳ ದಾಟಿ ಆಚೆ ದಡದಲ್ಲಿ ಸಾಲಾಗಿ ಕೂತವು. ಚಂದ್ರಿ ನನ್ನನ್ನು ನೋಡುತ್ತ ನೋಡುತ್ತಲೇ ಪ್ರಾಣ ಬಿಟ್ಟಳು.

ಅಯ್ಯೋ, ಆ ಹೊತ್ತಿನ ನನ್ನ ರೋಷ! ಮನೆಗೆ ಓಡಿ, ಬೆಳೆಗೆ ಹೊಡೆಯಲು ತಂದಿಟ್ಟಿದ್ದ ವಿಷದ ಡಬ್ಬಿ ತಂದೆ. ಚಂದ್ರಿಯ ಹೊಟ್ಟೆಯೊಳಗೆ, ಕರುವಿನ ಮೇಲೆ, ಬರಿಗೈಯಲ್ಲಿ ಬಳಿದೆ. ಸತ್ತ ಹಸುವನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಸಾಯುವುದಾದರೆ ಅವೇ ಸಾಯಲಿ ಎಂದುಕೊಂಡು ಮನೆಗೆ ಬಂದು ಕೈ ತೊಳೆದೆ.

ಮರುದಿನ ಬೆಳಗ್ಗೆ ಕೇತಯ್ಯ ಬಂದ. ನನ್ನ ಕತ್ತಿನ ಪಟ್ಟಿ ಹಿಡಿದು ಹಳ್ಳದವರೆಗೂ ದರದರ ಎಳೆದುಕೊಂಡು ಹೋದ. ಆ ಮುದಿ ಕೈಯಲ್ಲಿ ಅಷ್ಟು ಕಸುವಿತ್ತೆಂದು ನನಗೆ ಗೊತ್ತಿರಲಿಲ್ಲ. ವಿಷದ ಉರಿಗೆ ನೀರು ಹುಡುಕಿ ಬಂದ ನಾಯಿಗಳು ನೀರಿಗೆ ಮೂತಿಯಿಟ್ಟೇ ಸತ್ತಿದ್ದವು. ನೊರೆ, ವಾಂತಿ, ರಕ್ತ. ಒಂದಕ್ಕೆ ಮಾತ್ರ ಇನ್ನೂ ಜೀವವಿತ್ತು. ಬೆನ್ನು ಬಿಲ್ಲಾಗಿ ಬಾಗಿ, ಕಾಲು ನೆಲ ಕೆರೆಯುತ್ತ, ತನ್ನ ನಾಲಗೆಯನ್ನೇ ತಾನು ಕಚ್ಚಿಕೊಂಡಿತ್ತು.

ಕೇತಯ್ಯ ತನ್ನ ದೊಣ್ಣೆಯನ್ನು ನನ್ನ ಕೈಗೆ ತುರುಕಿದ. "ನೀನೇ ಸುರು ಮಾಡಿದ್ದು. ನೀನೇ ಮುಗ್ಸು."

"ನನ್ ಕೈಲಿ ಆಗಾಕಿಲ್ಲ ಅಜ್ಜ..."

"ನಿನ್ನೆ ಆಯ್ತಲ್ಲ, ಇವತ್ಯಾಕ್ ಆಗಾಕಿಲ್ಲ? ಹೊಡಿ!"

ಹೊಡೆದೆ. ಮೊದಲ ಏಟು ದವಡೆಗೆ ಬಿತ್ತು. ಅದು ಕಿರುಚಿತು. ನಾನೂ ಕಿರುಚಿದೆ. ನಾಲ್ಕು ಏಟು ಬೇಕಾದವು.

ಅಲ್ಲಿಂದ ಬಿಲದ ಕಡೆ ಓಡಿದೆವು. ಮರಿಗಳಾದರೂ ಉಳಿದಿರಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಕಾವಲು ನಾಯಿ ಬಿಲದ ಬಾಯಲ್ಲೇ ಬಿದ್ದಿತ್ತು. ಕೇತಯ್ಯ ಭುಜದವರೆಗೂ ಕೈ ಹಾಕಿ ಒಂದೊಂದೇ ಮರಿಯನ್ನು ಹೊರಗೆ ತೆಗೆದ. ಒಂದರ ಬಾಯಲ್ಲಿ ನುಂಗದೆ ಉಳಿದ ಮಾಂಸದ ಚೂರಿತ್ತು. ಅದು ಚಂದ್ರಿಯದೋ, ಅವಳ ಕರುವಿನದೋ. ಆರಕ್ಕೆ ಆರೂ ಸತ್ತಿದ್ದವು.

"ಇಷ್ಟು ವರ್ಸದಾಗೆ ಒಂದು ದನ ಮುಟ್ಟಿದ ನಾಯಲ್ಲ ಇವು," ಎಂದ ಕೇತಯ್ಯ, ಮರಿಗಳಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಒರೆಸುತ್ತ. "ಹಟ್ಟಿ ತಾವ ಯಾಕ್ ಬಂದ್ವು? ನೀನು ಪಾಲು ಬುಟ್ಟಿದ್ಯಾ ತಾನೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಮೊದಲ ದಿನ ಬೀಗರಲ್ಲೊಬ್ಬರು ತಲೆಮಾಂಸದ ಸಾರು ಬಯಸಿದರೆಂದು ತಲೆ ಹೊತ್ತುಕೊಂಡು ಬಂದೆ. ಎರಡನೆಯ ದಿನ ತೊಡೆಯನ್ನೂ ಬಿಡಲಿಲ್ಲ. ಮೂರನೆಯ ದಿನ ಕರುಳನ್ನೂ ತೊಳೆದು ತಂದೆ. ಮರಿ ಹಾಕಿದ ಹಿಂಡನ್ನು ಮೂರು ದಿನ ಉಪವಾಸ ಕೆಡವಿದವನು ನಾನು. ಹಸಿದು ಬಂದಾಗ ವಿಷ ಇಟ್ಟವನೂ ನಾನೇ.

"ಬುಡ್ಲಿಲ್ಲ ಅಜ್ಜ. ಒಂದಿನಾನೂ ಬುಡ್ಲಿಲ್ಲ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ತಟಕ್ಕನೆ ನನ್ನ ಬಾಯಿ ಮುಚ್ಚಿ ಪೊದೆಯ ಹಿಂದಕ್ಕೆ ಎಳೆದುಕೊಂಡ.

ಇಳಿಜಾರಿನ ಮೇಲಿಂದ ಒಂದು ನಾಯಿ ಬರುತ್ತಿತ್ತು. ಒಂಟಿಯಾಗಿ ಎಲ್ಲೋ ಬೇರೆ ಬೇಟೆಗೆ ಹೋಗಿದ್ದಿರಬೇಕು, ಚಂದ್ರಿಯನ್ನು ತಿಂದಿರಲಿಲ್ಲ. ಕಾವಲು ನಾಯಿಯನ್ನು ಮೂಸಿತು. ಸಾಲಾಗಿ ಮಲಗಿಸಿದ್ದ ಮರಿಗಳನ್ನು ಮೂಸಿತು. ಆಮೇಲೆ ಹೊಟ್ಟೆ ಎಳೆದುಕೊಂಡು, ತಲೆ ತಗ್ಗಿಸಿ, ತಾನು ತಂದದ್ದನ್ನು ಅವುಗಳ ಮುಂದೆ ಕಕ್ಕಿತು. ಯಾವ ಮರಿಯೂ ಏಳಲಿಲ್ಲ. ಒಂದನ್ನು ಮೂತಿಯಿಂದ ನೂಕಿ ಮಾಂಸದ ಹತ್ತಿರಕ್ಕೆ ತಂದಿತು. ಮತ್ತೆ ಸ್ವಲ್ಪ ಕಕ್ಕಿತು.

ಬಿಸಿಲು ಬಂಡೆಯ ನೆತ್ತಿಗೇರುವವರೆಗೂ ಅದು ಅಲ್ಲೇ ಕೂತಿತ್ತು. ಆ ಮಾಂಸವನ್ನು ಅದೂ ತಿನ್ನಲಿಲ್ಲ.