ಏಳನೆಯ ಶೆಡ್ಡಿನ ಉದ್ದ

೧೯೮೧ರ ಫೆಬ್ರುವರಿಯಲ್ಲಿ ರಾಯಚೂರಿನ ಕೈಗಾರಿಕಾ ವಸಾಹತಿನ ಅಳತೆ ನಡೆದದ್ದು ಈ ಕ್ರಮದಲ್ಲಿ: ಮೊದಲು ಶಂಭುಲಿಂಗಪ್ಪನವರ ಹತ್ತಿ ಮಿಲ್ಲು, ಆಮೇಲೆ ಎಣ್ಣೆ ಮಿಲ್ಲು, ಅದಾದ ಬಳಿಕ ಕಬ್ಬಿಣದ ಕೆಲಸದ ಶೆಡ್ಡುಗಳು, ಕಟ್ಟಕಡೆಗೆ ಮಾದಿಗರ ಚಪ್ಪಲಿ ಶೆಡ್ಡು. ಬಾಗಿಲ ಮೇಲಿನ ಸಂಖ್ಯೆಯನ್ನು ನಂಬಿ ನಡೆದಿದ್ದರೆ ಚಪ್ಪಲಿ ಶೆಡ್ಡು ಏಳನೆಯದು. ವಸಾಹತಿನ ಮ್ಯಾನೇಜರ್ ಗುಂಡೇರಾಯರು ತಮ್ಮ ಮೂಗನ್ನು ನಂಬಿ ನಡೆದುದರಿಂದ ಅದು ಹನ್ನೆರಡನೆಯದಾಯಿತು.

"ಏ, ಆ ತೊಗಲು ಸರಸು! ಹೆಣಾ ಜೋತುಬಿಟ್ಟಂಗ ಬಿಟ್ಟೀಯಲ್ಲ!" ಎಂದು ರಾಯರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ರಸ್ತೆಯಲ್ಲೇ ನಿಂತರು.

ಶೆಡ್ಡಿನ ಬಾಗಿಲಲ್ಲಿದ್ದ ಸೂಗಮ್ಮ ಸರಿಸಲಿಲ್ಲ. "ಒಣಗಾಕ ಹಾಕೀನ್ರೀ. ಸರಸಿದ್ರ ನೆಲಕ್ಕ ಬೀಳ್ತಾವ."

"ನಿನ್ನ ಗಂಡ ಎಲ್ಲಿ ಸತ್ತ?"

"ಸತ್ತಿಲ್ರೀ. ಮಾನ್ವಿ ಸಂತಿಗಿ ಚಪ್ಲಿ ಮಾರಾಕ ಹೋಗ್ಯಾನ."

ಸೂಗಮ್ಮ, ಅವಳ ಗಂಡ ತಾಯಣ್ಣ ದೇವದುರ್ಗದ ಕಡೆಯವರು. ಹಿಂದುಳಿದ ಜಿಲ್ಲೆ ಉದ್ಧಾರವಾಗಲೆಂದು ಸರ್ಕಾರ ಈ ಬೇಲಿಯೊಳಗೆ ಉದ್ಯಮ ಹೂಡಿದವರಿಗೆ ತೆರಿಗೆ ಮಾಫಿ ಮಾಡಿದಾಗ, ಅವರ ಜಾತಿಗೆಂದು ಮೀಸಲಿಟ್ಟ ಒಂದು ಶೆಡ್ಡು ಅವರಿಗೆ ಬಂದಿತ್ತು. ಈಗ ರಸ್ತೆ, ದೀಪ, ನೀರುಗಳ ಖರ್ಚಿಗೆಂದು ಆಡಳಿತ ಶುಲ್ಕ ನಿಗದಿಯಾಗಬೇಕಿತ್ತು. ಉದ್ಯಮಿಗಳ ಕಮಿಟಿಗೆ ಶಂಭುಲಿಂಗಪ್ಪನವರೇ ಅಧ್ಯಕ್ಷರು. ಚದರಡಿಗೆ ಇಷ್ಟೆಂದು ಎಲ್ಲರಿಗೂ ಒಂದೇ ದರ, ಇದಕ್ಕಿಂತ ನ್ಯಾಯ ಬೇರೆ ಉಂಟೇ ಎಂದು ಅವರು ಸಭೆಯಲ್ಲಿ ಕೇಳಿದ್ದರು. ಒಳಗೆ ಕುಳಿತವರು ಉಂಟೆನ್ನಲಿಲ್ಲ. ಕಿಟಕಿಯ ಹೊರಗೆ ನಿಲ್ಲಿಸಲ್ಪಟ್ಟಿದ್ದ ತಾಯಣ್ಣನನ್ನು ಯಾರೂ ಕೇಳಲಿಲ್ಲ.

ಆ ಶುಲ್ಕದಲ್ಲಿ ನೀರಿನ ಬಾಬತ್ತೂ ಸೇರಿತ್ತು. ನಳವಿದ್ದುದು ಚಪ್ಪಲಿ ಶೆಡ್ಡಿನ ಹಿಂಬಾಗಿಲಿನ ನೇರಕ್ಕೆ, ಮಿಲ್ಲಿನ ಹಿಂಗೋಡೆಯ ಬದಿಯಲ್ಲಿ. ಸೂಗಮ್ಮ ಅದನ್ನು ಮುಟ್ಟುವಂತಿರಲಿಲ್ಲ. ಕೊಡವನ್ನು ಕೆಳಗಿಟ್ಟು ದೂರ ಸರಿದು ನಿಲ್ಲಬೇಕು. ಮಿಲ್ಲಿನ ಕೂಲಿ ಬಸವಂತಮ್ಮನಿಗೆ ಮನಸ್ಸು ಬಂದಾಗ ಎತ್ತರದಿಂದ ಸುರಿಯಬೇಕು. ಮನಸ್ಸು ಬಾರದ ದಿನ ನೆನೆಹಾಕಬೇಕಾದ ತೊಗಲು ಬಿರುಸಾಗಿ, ಹೊಲಿಯುವಾಗ ಸೀಳುತ್ತಿತ್ತು. ಆ ತಿಂಗಳು ಹಾಗೆ ಸೀಳಿದ್ದೇ ಹೆಚ್ಚು. ಇನ್ನೊಂದು ತಿಂಗಳು ಹೀಗೆಯೇ ಕಳೆದರೆ ಶೆಡ್ಡಿಗೆ ಬೀಗ ಹಾಕಿ ದೇವದುರ್ಗದ ಬಸ್ಸು ಹತ್ತುವುದೊಂದೇ ದಾರಿ.

"ಯಪ್ಪಾ, ಒಂದು ಮಾತು," ಎಂದಳು ಸೂಗಮ್ಮ. "ನೀರಿನ ರೊಕ್ಕ ನಮ್ಮ ಮ್ಯಾಲೂ ಹಾಕಾಕತ್ತೀರಿ. ನಳ ಮುಟ್ಟಾಕ ಬಿಡ್ತೀರೇನ್ರೀ?"

ರಾಯರು ಅಳತೆಗೆ ಜೊತೆಯಲ್ಲೇ ಬಂದಿದ್ದ ಶಂಭುಲಿಂಗಪ್ಪ ಸಾವಕಾರರ ಮುಖ ನೋಡಿದರು. ಸಾವಕಾರರು ಎಲೆಯಡಿಕೆ ಉಗುಳಿ ನಕ್ಕರು. "ಶುಲ್ಕ ಎಲ್ಲಾರಿಗೂ ಒಂದ ಬೇ. ನಳ ಹಂಗಲ್ಲ. ಅಳತ್ಯಾಗ ಯಾರ ಜಾಗ ಅಂತ ಬರ್ತದೋ ಅವರ್ದು. ನಿನ್ನ ಅಪ್ಪ ಏನು ನಳ ಹೂಳಿ ಸತ್ತಾನೇನು?"

"ಅಳತ್ಯಾಗ ಬಂದ್ರ ಅವರ್ದೇನ್ರೀ?"

"ಹೂಂ ಅಂದೆನಲ್ಲ, ಎಷ್ಟು ಸಲ ಬೊಗಳಸ್ತಿ?"

ಉಳಿದ ಕಡೆಗಳಲ್ಲಿ ಜವಾನ ಸತ್ತಾರ್ ಸಾಬ್ ಟೇಪಿನ ಸುರುಳಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಮಾಲೀಕರ ಗುಮಾಸ್ತ ತುದಿ ಹಿಡಿದು ಒಳಗೆ ಹೋಗುತ್ತಿದ್ದ. ರಾಯರು ಕುರ್ಚಿಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ಸಾವಕಾರರ ಗುಮಾಸ್ತನಂತೂ ಅರಳೆ ತುಂಬಿದ ಮೂಟೆಗಳ, ಅಂಡಿಗೆಗಳ ರಾಶಿಯ ಬಳಿಯೇ ನಿಂತು "ಮುಗೀತ್ರಿ" ಎಂದಿದ್ದ. ಅಂಡಿಗೆಗಳ ಆಚೆಗೆ ಮಿಲ್ಲಿನಷ್ಟೇ ದೊಡ್ಡ ಗೋದಾಮು. ಖಾಲಿ ಕೊಡ ಹಿಡಿದು ನಳದ ಹತ್ತಿರ ಕಾಯುತ್ತಿದ್ದ ಸೂಗಮ್ಮ ಮಿಲ್ಲಿನ ಹಿಂಬಾಗಿಲಿನಿಂದ ಅದನ್ನೆಲ್ಲ ಕಂಡಿದ್ದಳು. ಶರಬತ್ತಿನ ಗ್ಲಾಸಿನ ತಳದಿಂದ ರಾಯರಿಗೆ ಗೋದಾಮು ಕಂಡಿರಲಿಲ್ಲ.

"ನೀನ ಹಿಡಕೊಂಡು ಒಳಗ ಹೋಗು," ಎಂದು ರಾಯರು ಅಪ್ಪಣೆ ಮಾಡಿದರು. "ಲಗೂನ ಮುಗಸು. ನನಗ ಮತ್ತ ಸ್ನಾನಾ ಮಾಡೂ ಹಂಗ ಮಾಡಬ್ಯಾಡ."

ಸತ್ತಾರ್ ಸಾಬ್ ಟೇಪಿನ ತುದಿಯ ಹಿತ್ತಾಳೆ ಬಳೆಯನ್ನು ಅವಳ ಕೈಗೆ ಕೊಟ್ಟ. ಸೂಗಮ್ಮ ತೂಗುತ್ತಿದ್ದ ತೊಗಲುಗಳ ನಡುವೆ ನುಸುಳಿ ಒಳಗೆ ಹೋದಳು. ಅವಳ ಹಿಂದೆ ತೊಗಲುಗಳು ಮತ್ತೆ ಕೂಡಿಕೊಂಡವು. ಟೇಪು ಮಾತ್ರ ಸರಸರನೆ ಒಳಗೆ ಹರಿಯುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಬಿಗಿಯಾಗಿ ನಿಂತಿತು.

"ಎಷ್ಟೋ?" ಎಂದರು ರಾಯರು ಬೆನ್ನು ತಿರುಗಿಸಿಕೊಂಡೇ.

ಆ ಶೆಡ್ಡಿಗೆ ಸಂಖ್ಯೆಯ ತಗಡು ಹೊಡೆದವನು ಸತ್ತಾರ್ ಸಾಬನೇ. ಅದರ ಉದ್ದ ನಲವತ್ತೇ ಅಡಿಯೆಂದು ಅವನಿಗೆ ಗೊತ್ತಿತ್ತು. ಅವನು ಟೇಪನ್ನೊಮ್ಮೆ ನೋಡಿದ, ತೊಗಲಿನ ಪರದೆಯನ್ನೊಮ್ಮೆ ನೋಡಿದ. "ಅರವತ್ತೆರಡು ಅಡಿ, ಸಾಬ್."

"ಅಷ್ಟುದ್ದ ಅದ ಏನದು?"

"ಅಂದರ್ ಬಂದು ನೋಡ್ರಿ ಸಾಬ್."

"ಥೂ!"

"ಬರಕೋರಿ ರಾಯರ, ಬರಕೋರಿ," ಎಂದರು ಶಂಭುಲಿಂಗಪ್ಪ ಹಿಗ್ಗಿ. "ಎಷ್ಟುದ್ದ ಇದ್ರ ಅಷ್ಟು ಚಲೋ. ಶುಲ್ಕ ಕಟ್ಟಾಕಾಗದ ಹೊಲಸು ತಾನ ತೊಲಗ್ತದ."

ರಾಯರು ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. ಮೊಹರಿನ ಮಸಿ ಆರುವ ಮೊದಲೇ ಹಿಂದಿನಿಂದ ಬಸವಂತಮ್ಮನ ಕೂಗು ಕೇಳಿಸಿತು.

"ಅಯ್ಯಯ್ಯೋ, ಸೂಗಿ ನಳ ಮುಟ್ಟ್ಯಾಳಪ್ಪೋ! ಎಲ್ಲಾ ಹಾಳ ಮಾಡಿದಳಪ್ಪೋ!"

ಸಾವಕಾರರು ಪಂಚೆ ಎತ್ತಿಕೊಂಡು ಶೆಡ್ಡು ಸುತ್ತಿ ಓಡಿದರು, ಹಿಂದೆ ರಾಯರು. ಹಿಂಬಾಗಿಲಿನಿಂದ ಹೊರಬಂದಿದ್ದ ಟೇಪಿನ ಹಿತ್ತಾಳೆ ಬಳೆ ನಳದ ಮೂತಿಗೆ ಸಿಕ್ಕಿಕೊಂಡಿತ್ತು. ನಳದ ತಿರುಪಿನ ಮೇಲೆ ಸೂಗಮ್ಮನ ಕೈಯಿತ್ತು. ನೀರು ಭರ್ರೆಂದು ಅವಳ ಕೊಡಕ್ಕೆ ಬೀಳುತ್ತಿತ್ತು.

"ಲೇ ಸೂಳೆಮಗಳ! ನನ್ನ ಮಿಲ್ಲಿನ ನಳ ಮುಟ್ಟೂ ಅಷ್ಟು ಸೊಕ್ಕೇನು ನಿನಗ?"

"ನಿಮ್ಮ ಮಿಲ್ಲು ಇಲ್ಲೆಲ್ಲಿ ಅದರೀ ಸಾವಕಾರ್ರ? ಅರಳಿ ಅಂಡಗಿ ಇದ್ದಲ್ಲಿಗೇ ಮುಗೀತಂತ ರಾಯರು ಬರಕೊಂಡಾರ. ನಂದು ಇಲ್ಲೀತನಾ ಅದ ಅಂತಾನೂ ಅವರ ಬರಕೊಂಡಾರ. ಮೊಹರಾ ಒತ್ಯಾರ."

"ಕಳ್ಳ ರಂಡಿ! ಅಳತಿ ಸುಳ್ಳದ!"

"ಸುಳ್ಳಿದ್ರ ಟೇಪು ಇಲ್ಲೇ ಅದಲ್ರೀ. ಬರ್ರಿ, ಮೊದಲಿಂದ ಅಳಿಯೋಣು. ನಿಮ್ಮ ಗೋದಾಮಿಂದನ ಸುರು ಮಾಡೋಣು."

ಸಾವಕಾರರು ಗೋದಾಮಿನ ಕಡೆ ತಿರುಗಿ ನೋಡಿದರು. ಸತ್ತಾರ್ ಸಾಬ್ ಸುರುಳಿ ಹಿಡಿದು ಬಂದು, ಬಹಳ ವಿನಯದಿಂದ, "ಹಿಡೀಲೇನ್ರಿ ಸಾವ್ಕಾರ್?" ಎಂದ.

"ನಿನ್ನ ಬಾಯಾಗ ಮಣ್ಣು ಹಾಕ, ಸುಮ್ಮನಿರೋ!" ಸಾವಕಾರರು ರಾಯರ ಮೇಲೆ ಹರಿಹಾಯ್ದರು. "ನೀವೇನ್ರೀ, ದಾರ್ಯಾಗ ನಿಂತು ಬರಕೊಂಡ್ರಿ? ಒಳಗ ಹೋಗಿ ನೋಡಾಕ ಏನು ಬ್ಯಾನಿ ಬಂದಿತ್ತು?"

"ನೀವ ಬರಕೋ ಅಂದ್ರಿ! ನನಗ ಮೈಲಿಗಿ ಅಂತ ನಿಮಗ ಗೊತ್ತದ!"

"ಮೈಲಿಗಿ!" ಎಂದು ಸೂಗಮ್ಮ ನಕ್ಕಳು. "ಒಳಗ ಬಂದಿದ್ರ ಇಷ್ಟು ಫಜೀತಿ ಇರಲಿಲ್ರೀ ರಾಯರ. ಶರಬತ್ತಿಲ್ಲ ಅಂತ ಬರಲಿಲ್ಲೋ ಏನೋ."

ಗೋದಾಮಿನ ಚದರಡಿಗಳು ಸಾವಕಾರರ ಕಣ್ಣೊಳಗೆ ಒಂದೊಂದಾಗಿ ಹಾದುಹೋದವು. ಕುಲದ ಮಡಿ ಒಂದು ತಕ್ಕಡಿಯಲ್ಲಿ, ವರ್ಷವರ್ಷದ ಶುಲ್ಕ ಇನ್ನೊಂದರಲ್ಲಿ. ತೂಕ ಮುಗಿಯುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ.

"ಇರ್ಲಿ ಬಿಡ್ರಿ," ಎಂದರು ಅವರು. "ಅರವತ್ತೆರಡು ಅಡಿಗಿ ಕಟ್ಟಲಿ. ಎಷ್ಟು ದಿನ ಕಟ್ತಾಳ, ನಾನೂ ನೋಡ್ತೀನಿ."

"ಕಟ್ಟೂದು ನಂದು, ನೋಡೂದು ನಿಮ್ದು. ನೀರಿನ ರೊಕ್ಕ ಅಂತ ಬರದ ಬಾಜೂಕ ನಳ ಯಾರ್ದಂತಾನೂ ಬರೀರಿ ರಾಯರ. ಬರದು ಎಲ್ಲಾರಿಗೂ ಕೇಳೂವಂಗ ಓದ್ರಿ."

ಊಟದ ಬಿಡುವಿಗೆ ಮಿಲ್ಲಿನ ಹೆಂಗಸರು ಕೊಡ ಹಿಡಿದು ಬಂದು ದೂರದಲ್ಲಿ ಗುಂಪಾಗಿ ನಿಂತಿದ್ದರು. ಸೂಗಮ್ಮ ತನ್ನ ಕೊಡ ತುಂಬಿದ ಮೇಲೆ ನಳ ನಿಲ್ಲಿಸಿದಳು, ಕೈ ತೆಗೆಯಲಿಲ್ಲ. ಬಸವಂತಮ್ಮ ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು.

ಗುಂಡೇರಾಯರು ಬರೆದರು. ಬರೆದುದನ್ನು ಕರವಸ್ತ್ರ ತೆಗೆದು ಓದಿದರು:

"ಅಳತೆಯಿಂದ ಕಂಡುಬಂದ ಅಂಶ: ನಳವು ಏಳನೆಯ ಶೆಡ್ಡಿನ ಸರಹದ್ದಿನೊಳಗಿದೆ. ನೀರು ಬೇಕಾದವರು ಆ ಶೆಡ್ಡಿನವರನ್ನು ಕೇಳಿ ಪಡೆಯತಕ್ಕದ್ದು."