ಹತ್ತೊಂಬತ್ತನೆಯ ದಿನದ ಕೈ

ಕಸ ಗುಡಿಸುವ ಹೆಂಗಸಿನ ಗಾಯವಾದ ಬಲಗೈಯನ್ನು ತೊಳೆಯಲು ಬಿಡದೆ, ಕೊಳೆತ ಹಣ್ಣುಗಳ ನಡುವೆ ಮುಕ್ಕಾಲು ಗಂಟೆ ಇರಿಸಿ ಫೋಟೊ ತೆಗೆದರು. ಕೆಳಗೆ ‘ಕೊಳೆಯುವ ನೈಸರ್ಗಿಕ ವಸ್ತು, ಹತ್ತೊಂಬತ್ತನೆಯ ದಿನ’ ಎಂದು ಚೀಟಿ ಅಂಟಿಸಿದರು. ಆ ಫೋಟೊಗೆ ಮೊದಲ ಬಹುಮಾನ ಬಂತು.

ತೆಗೆದವಳು ಫೋಟೊಗ್ರಫಿ ವಿಭಾಗದ ಕೊನೆಯ ವರ್ಷದ ಹುಡುಗಿ. ಅವಳನ್ನು ಎಲ್ಲರೂ ಟೇಪಮ್ಮ ಎನ್ನುತ್ತಿದ್ದರು. ಮೇಜಿನ ಮೇಲೆ ಏನಿಟ್ಟರೂ ಅದರ ಸುತ್ತ ಬಿಳಿ ಟೇಪು ಅಂಟಿಸಿ ಗಡಿ ಹಾಕದಿದ್ದರೆ ಅವಳಿಗೆ ಸಮಾಧಾನವಿಲ್ಲ. ಒಮ್ಮೆ ಗೆಳತಿಯರು ಕ್ಯಾಂಟೀನಿನಲ್ಲಿ ಅವಳ ಟೀ ಲೋಟದ ಸುತ್ತಲೂ ಟೇಪು ಅಂಟಿಸಿ ನಕ್ಕಿದ್ದರು. ಅವಳೂ ನಕ್ಕಳು, ಆದರೆ ಪ್ರತಿ ಗುಟುಕಿನ ನಂತರ ಲೋಟವನ್ನು ಆ ಗೆರೆಯೊಳಗೇ ಇಟ್ಟಳು.

ಕೊನೆಯ ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ಇಪ್ಪತ್ತೊಂದು ದಿನಗಳ ಕೆಲಸ. ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ, ಕಪ್ಪು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಅರ್ಧ ಕುಂಬಳಕಾಯಿ, ಮೂರು ದಾಳಿಂಬೆ, ಒಂದು ಗೊಂಚಲು ದ್ರಾಕ್ಷಿ, ತಲೆ ಬಾಗಿದ ಒಂದು ಸೂರ್ಯಕಾಂತಿ. ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲುಗಳಿಗೂ ನೆಲದಲ್ಲಿ ಬಣ್ಣದ ಗುರುತು. ದಿನವೂ ಬೆಳಿಗ್ಗೆ ಹತ್ತಕ್ಕೆ ಒಂದೇ ಫೋಟೊ. ಯಾರೂ ಮುಟ್ಟುವಂತಿಲ್ಲ, ಒಂದು ದಿನವೂ ತಪ್ಪುವಂತಿಲ್ಲ. ಕೊಳೆಯುವ ಕೆಲಸವನ್ನು ಹಣ್ಣುಗಳು ತಾವೇ ಮಾಡುತ್ತವೆ. ಮನುಷ್ಯರು ಕಾಯಬೇಕು ಅಷ್ಟೆ.

ಹಣ್ಣುಗಳು ನಿಯತ್ತಿನಿಂದ ಕೊಳೆತವು. ಹತ್ತನೆಯ ದಿನ ಕುಂಬಳದ ಹೊಟ್ಟೆ ಕುಸಿಯಿತು. ಹದಿನಾಲ್ಕನೆಯ ದಿನ ದಾಳಿಂಬೆಗಳ ಮೇಲೆ ಬೂದು ತುಪ್ಪಳ ಬೆಳೆಯಿತು. ಹದಿನೇಳರ ಹೊತ್ತಿಗೆ ಮೇಜಿನಿಂದ ನೆಲಕ್ಕೆ ಕಂದು ರಸ ತೊಟ್ಟಿಕ್ಕತೊಡಗಿ, ನಾತ ಬಾಗಿಲ ಸಂದಿಯಿಂದ ಹೊರಬಿದ್ದು ಕಾರಿಡಾರಿನಲ್ಲಿ ಓಡಾಡತೊಡಗಿತು.

ವಿಭಾಗದ ಮುಖ್ಯಸ್ಥನಿಗೆ ಹುಡುಗರು ಇಟ್ಟ ಹೆಸರು ಬೆಳಕಪ್ಪ. ಬಾಯಿ ತೆರೆದರೆ ಬೆಳಕು. ‘ಸಾವೂ ಬೆಳಕಿನದೇ ಕೆಲಸ ಕಣ್ರೋ’ ಎಂದು ಪಾಠ ಮಾಡುತ್ತಿದ್ದ ಆತನಿಗೆ ಸಾವಿನ ವಾಸನೆ ಮಾತ್ರ ಹಿಡಿಸಲಿಲ್ಲ. ಹದಿನೆಂಟನೆಯ ದಿನ ಸಂಜೆ, ಪೊರಕೆ ಹಿಡಿದು ಬರುತ್ತಿದ್ದ ದೊಡ್ಡಕ್ಕನನ್ನು ಕಾರಿಡಾರಿನಲ್ಲಿ ನಿಲ್ಲಿಸಿದ.

“ನಾಳೆ ಪ್ರದರ್ಶನದ ವಿಷಯಕ್ಕೆ ಗ್ಯಾಲರಿಯವರು ಬರ್ತಾರೆ. ಅಷ್ಟರಲ್ಲಿ ಈ ನಾತ ಹೋಗಿರಬೇಕು. ನಾತ ಇದ್ರೆ ನೀನಿರಲ್ಲ.”

“ಎಲ್ಲಿಂದ ಬರ್ತಿದೆ ಅಂತ ನೋಡಿದೀರಾ ಸಾರ್?”

“ನೋಡೋದಕ್ಕೆ ನಿನ್ನ ಇಟ್ಕೊಂಡಿರೋದು.”

ದೊಡ್ಡಕ್ಕ ಎಂದರೆ ಆ ಕಟ್ಟಡದಲ್ಲಿ ಇಪ್ಪತ್ತಮೂರು ವರ್ಷದಿಂದ ಗುಡಿಸುತ್ತಿರುವವಳು. ಮುಖ್ಯಸ್ಥರು ಬದಲಾಗುತ್ತಿದ್ದರು, ಬಾಗಿಲುಗಳಿಗೆ ಹೊಸ ಬಣ್ಣ ಬರುತ್ತಿತ್ತು, ಅವಳು ಮಾತ್ರ ಪ್ರತಿ ವರ್ಷವೂ ಹೊಸದಾಗಿ ಸೇರಿದವಳು. ಅವಳ ಕೆಲಸಕ್ಕೆ ವರ್ಷಕ್ಕೊಮ್ಮೆ ಮುಖ್ಯಸ್ಥನ ಸಹಿ ಬೀಳಬೇಕು. ಬಹಳ ಹಿಂದೆ ಒಂದು ಲೆನ್ಸಿನ ಮುಚ್ಚಳ ಕಾಣೆಯಾದಾಗ ಅವಳ ಚೀಲವನ್ನು ಎಲ್ಲರೆದುರು ನೆಲಕ್ಕೆ ಸುರಿಸಿದ್ದರು. ಮುಚ್ಚಳ ಮಾರನೆಯ ದಿನ ಮೇಷ್ಟರೊಬ್ಬರ ಜೇಬಿನಲ್ಲೇ ಸಿಕ್ಕಿತು. ಚೀಲಕ್ಕೆ ವಾಪಸು ತುಂಬಿಕೊಂಡವಳು ಅವಳೇ. ಅಂದಿನಿಂದ ಅವಳದೊಂದು ಪದ್ಧತಿ: ಮೇಜಿನ ಮೇಲಿನದನ್ನು ಎತ್ತಿ ಒರೆಸಿದರೆ ಅದೇ ಜಾಗದಲ್ಲಿ ಇಡಬೇಕು, ಒಡೆದಿದ್ದರೆ ಅಂಥದೇ ಇನ್ನೊಂದು ತಂದಿಡಬೇಕು, ಖಾಲಿ ಜಾಗ ಬಿಟ್ಟು ಬಾಗಿಲು ಹಾಕಬಾರದು. ಈ ಕಟ್ಟಡದಲ್ಲಿ ಖಾಲಿ ಜಾಗ ಕಂಡರೆ ಕಳ್ಳಿ ಯಾರೆಂದು ಯಾರೂ ಕೇಳುವುದಿಲ್ಲ.

ಆದ್ದರಿಂದ ಅವಳು ಕೊಳೆತದ್ದನ್ನೆಲ್ಲ ಬಾಚಿ ಹಿತ್ತಲಿನ ಕಸದ ತೊಟ್ಟಿಗೆ ಹಾಕಿದಳು. ನೆಲ ಉಜ್ಜಿದಳು, ಬಟ್ಟೆ ಒಗೆದು ಹಿಂಡಿ ಫ್ಯಾನಿನಡಿ ಒಣಗಿಸಿ, ಮತ್ತೆ ಹಾಸಿ, ಟೇಪಿನ ಗೆರೆಗಳನ್ನು ಮೊದಲಿದ್ದಲ್ಲೇ ಅಂಟಿಸಿದಳು. ಆಮೇಲೆ ಮಾರುಕಟ್ಟೆಗೆ ಹೋಗಿ ಅರ್ಧ ಕುಂಬಳಕಾಯಿ, ಮೂರು ದಾಳಿಂಬೆ, ಒಂದು ಗೊಂಚಲು ದ್ರಾಕ್ಷಿ ತಂದಳು. ಸೂರ್ಯಕಾಂತಿಗೆ ಹೂವಿನ ಅಂಗಡಿಗಳನ್ನೆಲ್ಲ ಸುತ್ತಿದಳು. ಒಂದೊಂದನ್ನೂ ಅದರದರ ಗೆರೆಯೊಳಗೆ ಕೂರಿಸಿದಳು. ಕುಂಬಳದ ಕೊಯ್ದ ಮೈ ಮೊದಲಿನಂತೆಯೇ ಕಿಟಕಿಯ ಕಡೆಗೆ. ಪಾಪ, ಹುಡುಗಿ ತಂದಿಟ್ಟು ಮರೆತಿದೆ, ತಿನ್ನೋ ಪದಾರ್ಥ ಹಾಳಾಯ್ತು ಅಂತ ಅಳೋದು ಬೇಡ, ಎಂದುಕೊಂಡು ಬಾಗಿಲು ಹಾಕಿದಳು.

ಬೆಳಿಗ್ಗೆ ಹತ್ತಕ್ಕೆ ಟೇಪಮ್ಮ ಬಾಗಿಲು ತೆರೆದಳು. ಒಳಗೆ ಸೋಪಿನ ವಾಸನೆ. ಮೇಜಿನ ಮೇಲೆ ಎಲ್ಲವೂ ಮೊದಲ ದಿನದಂತೆ ಹೊಳೆಯುತ್ತಿದ್ದವು. ಅವಳು ನಿಂತಲ್ಲೇ ಕುಸಿದು, ಮಂಡಿಗೆ ಮುಖ ಒತ್ತಿ ಅಳತೊಡಗಿದಳು. ಬೆಳಕಪ್ಪ ಓಡಿ ಬಂದ, ನೋಡಿದ, ನಕ್ಕ.

“ಪವಾಡ ಕಣಮ್ಮ ಇದು. ಸತ್ತ ದಾಳಿಂಬೆ ಎದ್ದು ಕೂತಿದೆ.”

ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕನಿಗೆ ಅಳು ಏಕೆ, ನಗು ಏಕೆ, ಎರಡೂ ತಿಳಿಯಲಿಲ್ಲ. “ಲೆಕ್ಕ ನೋಡ್ಕೊಳಮ್ಮ,” ಎಂದಳು, “ಎಲ್ಲಾ ಇದೆ. ದಾಳಿಂಬೆ ಮೊದಲಿಗಿಂತ ಒಂದು ಸುತ್ತು ದೊಡ್ಡದೇ ಸಿಕ್ತು.”

“ಹದಿನೆಂಟು ದಿನ ಅಕ್ಕ,” ಎಂದಳು ಹುಡುಗಿ ತಲೆ ಎತ್ತದೆ. “ಅದು ಕೊಳೀಲಿ ಅಂತಲೇ ಇಟ್ಟಿದ್ದೆ.”

“ಕೊಳೀಲಿ ಅಂತ ಯಾರಾದ್ರೂ ಇಡ್ತಾರಾ?”

“ಇವಳಿಗೆ ಹೇಳಿ ಏನು ಪ್ರಯೋಜನ,” ಎಂದ ಬೆಳಕಪ್ಪ. ನಾತ ತೆಗೆ ಎಂದವನು ತಾನೇ ಎಂಬುದು ಅವನಿಗೆ ನೆನಪಾಗಲಿಲ್ಲ. ನೆನಪು ಮಾಡಿಕೊಡುವ ಧೈರ್ಯ ಇದ್ದವರು ಅಲ್ಲಿ ಇರಲಿಲ್ಲ. “ಹೋಗು. ಎಸೆದವಳೇ ಹುಡುಕಿ ತಾ.”

ಹಿತ್ತಲಿನ ತೊಟ್ಟಿ ಎದೆಯೆತ್ತರದ್ದು. ಚೌಕಟ್ಟು ಹಾಕುವ ಕೋಣೆಯವರು ಒಡೆದ ಗಾಜನ್ನೂ ಅದಕ್ಕೇ ಸುರಿಯುತ್ತಿದ್ದರು. ಅವಳು ಬಗ್ಗಿ, ಭುಜದವರೆಗೂ ತೋಳು ಇಳಿಸಿ ತಡಕಿದಳು. ಮೇಲಿನ ಕಿಟಕಿಗಳಲ್ಲಿ ಹುಡುಗರು ಸಾಲಾಗಿ ನಿಂತು ನಿರ್ದೇಶನ ಕೊಟ್ಟರು. “ಎಡಕ್ಕೆ ದೊಡ್ಡಕ್ಕ. ಇನ್ನೂ ಎಡಕ್ಕೆ. ಅಲ್ಲಿ ನಿಧಿ ಇದೆ.” ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ದಾಳಿಂಬೆಗಳು ಸಿಕ್ಕವು, ದ್ರಾಕ್ಷಿಯ ಗೊಂಚಲೂ ಬಾಡಿದ ಹೂವೂ ಸಿಕ್ಕವು. ಕುಂಬಳ ಮಾತ್ರ ಹಿಡಿದಲ್ಲೆಲ್ಲ ಬೆರಳ ಸಂದಿಯಲ್ಲಿ ಸೋರಿಹೋಯಿತು. ಕೊನೆಯ ಸಲ ಕೈ ಹೊರಗೆ ಬಂದಾಗ ತೋರುಬೆರಳಿನ ಬುಡದಿಂದ ಅಂಗೈಯವರೆಗೆ ಸೀಳಿತ್ತು. ರಕ್ತದ ಮೇಲೆ ಕುಂಬಳದ ತಿರುಳು, ಅದರ ಮೇಲೆ ಬೂದು ಬೂಸಲು.

ಅವಳು ನಲ್ಲಿಯ ಕಡೆ ಹೊರಟಳು.

“ನಿಲ್ಲು,” ಎಂದ ಟೇಪಮ್ಮನೊಂದಿಗೆ ಹಿತ್ತಲಿಗೆ ಬಂದಿದ್ದ ಬೆಳಕಪ್ಪ. ಅವಳ ಮಣಿಕಟ್ಟು ಹಿಡಿದು ಬೆಳಕಿಗೆ ಎತ್ತಿದ. ಆಸಿಡ್ ಹಾಕಿ ಕಕ್ಕಸು ತೊಳೆದು ತೊಳೆದು ಉಗುರುಗಳು ಅರ್ಧ ಕರಗಿದ್ದವು. ಗೆಣ್ಣುಗಳು ಊದಿದ್ದವು, ಕಿರುಬೆರಳು ಸೊಟ್ಟಗಾಗಿತ್ತು. ಆತ ಬಟ್ಟೆ ಅಂಗಡಿಯಲ್ಲಿ ಸೆರಗಿನ ಅಂಚು ನೋಡುವವನಂತೆ ತಿರುಗಿಸಿ ತಿರುಗಿಸಿ ನೋಡಿದ. “ತೊಳೀಬೇಡ. ಹಾಗೇ ಬಾ.”

“ಉರೀತಿದೆ ಸಾರ್.”

“ಐದು ನಿಮಿಷ. ಕುಂಬಳಕಾಯಿ ಹಾಳು ಮಾಡಿದೋಳು ನೀನು. ಆ ಜಾಗಕ್ಕೆ ನೀನೇ ಏನಾದ್ರೂ ಇಡಬೇಕಲ್ಲ.” ನಂತರ ಟೇಪಮ್ಮನ ಕಡೆ ತಿರುಗಿದ. “ಕಣ್ಣೊರೆಸ್ಕೊ. ನಿನಗೆ ಹಣ್ಣು ಕೊಡದ ಫೋಟೊ ಇದು ಕೊಡುತ್ತೆ.”

ಕೊಳೆತದ್ದೆಲ್ಲ ತಂತಮ್ಮ ಗೆರೆಗೆ ಮರಳಿತು. ಕುಂಬಳದ ಗೆರೆಯೊಳಗೆ ಕೈ ಮಲಗಿತು. ಕಿಟಕಿಯ ಬೆಳಕು ಮಂದವಾಗಿದ್ದರಿಂದ ಒಂದೊಂದು ಫೋಟೊಗೂ ಎಂಟು ಸೆಕೆಂಡು ಅಲುಗಾಡದೆ ಇರಬೇಕು. ದೊಡ್ಡಕ್ಕ ಮೇಜಿನ ಪಕ್ಕ ಮಂಡಿಯೂರಿ, ಚೌಕಟ್ಟಿನಲ್ಲಿ ಮುಖ ಬರದಂತೆ ಕತ್ತನ್ನು ಮೇಜಿನ ಕೆಳಗೆ ತಗ್ಗಿಸಿಕೊಂಡಳು. ಐದು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು. ದ್ರಾಕ್ಷಿಯ ಸಿಹಿಗೆ ಬಂದ ಕೆಂಪಿರುವೆಗಳು ಸಾಲು ಬದಲಿಸಿ ಗಾಯದ ಕಡೆ ಹೊರಟವು. ಟೇಪಮ್ಮ ಅದನ್ನು ಕಂಡಳು. ಸಾಲು ಸೀಳಿನ ಅಂಚಿಗೆ ಮುಟ್ಟುವವರೆಗೆ ಕಾದಳು, ಆಮೇಲೆ ಬಟನ್ ಒತ್ತಿದಳು. ಎಂಟು ಸೆಕೆಂಡು. ಕೈ ಅಲುಗಾಡಲಿಲ್ಲ.

“ಚಿನ್ನ,” ಎಂದ ಬೆಳಕಪ್ಪ ಪರದೆಯನ್ನು ನೋಡಿ. ಕೈಯ ಒಡತಿಗೆ ಏಳು ಎಂದು ಹೇಳಿದ್ದು ಅದಾದ ಕಾಲು ಗಂಟೆಗೆ.

ಇರುವೆಗಳನ್ನು ಎಡಗೈಯಿಂದ ಸವರಿ ತೆಗೆಯುತ್ತಾ ದೊಡ್ಡಕ್ಕ ಹುಡುಗಿಯನ್ನು ಕೇಳಿದಳು: “ನಿನಗೆ ಕಾಣ್ಲಿಲ್ವಾ ಇವು?”

“ಲೆನ್ಸಲ್ಲಿ ಸಣ್ಣದಾಗಿ ಕಾಣ್ತಿತ್ತು ಅಕ್ಕ.”

ಆ ಫೋಟೊ ಸಿಕ್ಕ ಮೇಲೆ ಉಳಿದೆರಡು ದಿನದ್ದನ್ನು ತೆಗೆಯಲು ಯಾರೂ ಹೋಗಲಿಲ್ಲ. ಕಾಲೇಜಿನಲ್ಲೇ ಪ್ರದರ್ಶನ ಹತ್ತು ದಿನ ನಡೆಯಿತು. ಕೈ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ನೇತಾಡಿತು. ಪ್ರದರ್ಶನದ ಕೋಣೆಯನ್ನು ಎಡಗೈಯಲ್ಲಿ ಗುಡಿಸುತ್ತಿದ್ದ ದೊಡ್ಡಕ್ಕನ ಎದುರಿಗೇ ಒಬ್ಬ ಹೆಂಗಸು ತನ್ನ ಗಂಡನನ್ನು ಕೇಳಿದಳು: “ಇದು ಮೇಣದ್ದಾ?”

“ಶುಂಠಿ ಇರಬೇಕು. ಒಣಗಿದ್ರೆ ಹೀಗೇ ಆಗುತ್ತೆ.”

“ಕೈ ಅದು,” ಎಂದಳು ದೊಡ್ಡಕ್ಕ.

ಇಬ್ಬರೂ ತಿರುಗಿ ನೋಡಿದರು. “ಸ್ವಲ್ಪ ಆಮೇಲೆ ಗುಡಿಸಮ್ಮ,” ಎಂದ ಗಂಡ, “ದೂಳು ಬರ್ತಿದೆ.”

ಪತ್ರಿಕೆಯಲ್ಲಿ ಚಿತ್ರ ಬಂದ ದಿನ ಅವಳ ಸೊಸೆ ಸೊಟ್ಟ ಕಿರುಬೆರಳಿನಿಂದಲೇ ಗುರುತು ಹಿಡಿದಳು. ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಮಾತು ಬಂತು: “ಸ್ವಲ್ಪ ದಿನ ಮಗೂನ ಮುಟ್ಟಬೇಡಿ ಅತ್ತೆ. ಕೊಳೆಯೋ ವಸ್ತು ಅಂತ ಅವರೇ ಬರೆದಿದಾರೆ.” ಕಾಲೇಜಿನ ಕಚೇರಿಯವರು ಇನ್ನೂ ಚುರುಕು. ಸೋಂಕಿನ ಕೈಯವಳು ಕುಡಿಯುವ ನೀರಿನ ಡ್ರಮ್ಮು ತುಂಬಬಾರದು ಎಂದು ಸುತ್ತೋಲೆ ಹೊರಡಿಸಿ, ಅದನ್ನು ಅದೇ ಫೋಟೊದ ಎದುರಿನ ಫಲಕಕ್ಕೆ ಹಚ್ಚಿದರು. ಕಕ್ಕಸು ತೊಳೆಯಬಾರದು ಎಂದು ಬರೆಯಲಿಲ್ಲ.

ಗಾಯ ಅಷ್ಟರಲ್ಲಿ ಕೀವು ಕಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಬೆರಳನ್ನು ಒತ್ತಿ ನೋಡಿ, ಬಿಳಿ ಬಟ್ಟೆ ಸುತ್ತಿ ಹೇಳಿದರು: “ದಿನಾ ಎರಡು ಸಲ ಬಂದು ಕಟ್ಟು ಬದಲಾಯಿಸ್ಕೊಂಡು ಹೋಗಮ್ಮ. ಉಳಿದ ಹೊತ್ತು ಗಾಳಿ, ನೀರು, ಕೊಳೆ ಏನೂ ತಾಗಬಾರದು. ಇಲ್ಲಾಂದ್ರೆ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಲ್ಲುತ್ತೆ ಅಂತಲೂ ಹೇಳೋಕಾಗಲ್ಲ.”

ಪ್ರದರ್ಶನ ಮುಗಿದ ಮರುದಿನ ಬೆಳಕಪ್ಪ ಅವಳನ್ನು ಹಿಂದಿನ ಕೋಣೆಗೆ ಕರೆಸಿದ. ಟೇಪಮ್ಮ ಆಗಲೇ ಕ್ಯಾಮೆರಾದ ಹಿಂದೆ ನಿಂತಿದ್ದಳು. ಮೇಜಿನ ತುದಿಯಲ್ಲಿ ಮುಂದಿನ ವರ್ಷದ ಕೆಲಸದ ಕಾಗದ ಇತ್ತು, ಅದರ ಮೇಲೆ ಮುಚ್ಚಳ ತೆರೆದ ಪೆನ್ನು.

“ಕೂತ್ಕೊ,” ಎಂದ. ಇಪ್ಪತ್ತಮೂರು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವಳು ನಿಂತೇ ಇದ್ದಳು.

“ಗ್ಯಾಲರಿಯವರು ಪೂರ್ತಿ ಸಾಲು ಕೇಳ್ತಿದಾರೆ. ಇಪ್ಪತ್ತೊಂದು ದಿನ ಅಂತ ಹೇಳಿ ಹತ್ತೊಂಬತ್ತೇ ಕೊಟ್ರೆ ಮರ್ಯಾದೆ ಹೋಗುತ್ತೆ. ಇನ್ನೆರಡು ಫೋಟೊ. ಇವತ್ತು ಒಂದು, ನಾಡಿದ್ದು ಒಂದು. ಆ ಕಟ್ಟು ಬಿಚ್ಚಿ ನಾಡಿದ್ದಿನವರೆಗೆ ಹಾಗೇ ಬಿಟ್ಟಿರು. ವ್ಯತ್ಯಾಸ ಕಾಣಬೇಕು.”

“ಬೆರಳು ಹೋಗುತ್ತೆ ಅಂದಿದಾರೆ ಸಾರ್.”

“ಡಾಕ್ಟರು ಹೆದರಿಸದೇ ಇದ್ರೆ ಅವರ ಹೊಟ್ಟೆ ತುಂಬುತ್ತಾ? ಎರಡು ದಿನದಲ್ಲಿ ಏನೂ ಆಗಲ್ಲ.”

“ಏನೂ ಆಗಲ್ಲ ಅಂದ್ರೆ ವ್ಯತ್ಯಾಸ ಎಲ್ಲಿಂದ ಕಾಣುತ್ತೆ?”

ಕ್ಯಾಮೆರಾದ ಹಿಂದಿನಿಂದ ಹುಡುಗಿ ಬಂದಳು. ಅವಳ ಕೈಯಲ್ಲಿ ಟೇಪು ಕತ್ತರಿಸುವ ಸಣ್ಣ ಕತ್ತರಿ.

“ಅಕ್ಕ, ಇದು ನನ್ನ ಮೂರು ವರ್ಷದ ಓದು. ಸರ್ಟಿಫಿಕೇಟು ಇದರ ಮೇಲೇ ಇದೆ. ನಿಮ್ಮ ಮಗಳು ಅಂದ್ಕೊಳಿ.”

“ನನಗೆ ಮಗಳಿಲ್ಲ. ಸೊಸೆ ಇದಾಳೆ, ಕೂಸನ್ನ ನನ್ನ ಹತ್ರ ಬಿಡ್ತಿಲ್ಲ.”

“ನಾನು ಬಂದು ಅವರಿಗೆ ಹೇಳ್ತೀನಿ, ಅದು ಕಲೆ ಅಂತ.”

“ಅವಳು ಕೇಳ್ತಾಳೆ, ಹಾಗಾದ್ರೆ ನಿಮ್ಮ ತಾಯಿ ಕೈ ಯಾಕೆ ಇಟ್ಟಿಲ್ಲ ಅಂತ. ಏನು ಹೇಳ್ತೀಯ?”

ಹುಡುಗಿ ಮೇಷ್ಟರ ಮುಖ ನೋಡಿದಳು. ಬೆಳಕಪ್ಪ ಕೆಲಸದ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಸಹಿ ಮಾಡೋಕೆ ಕೂತಿದೀನಿ. ಹೊರಗಡೆ ಈ ಕೆಲಸಕ್ಕೆ ಎರಡು ಕೈ ಸರಿ ಇರೋರು ಸಾಲಾಗಿ ನಿಂತಿದಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬಿಚ್ಚು.”

ಅವಳು ಅಲುಗಾಡಲಿಲ್ಲ.

“ನೀನೇ ಬಿಚ್ಚಮ್ಮ,” ಎಂದ ಹುಡುಗಿಗೆ.

ಟೇಪಮ್ಮ ದೊಡ್ಡಕ್ಕನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಕತ್ತರಿಯ ತುದಿಯನ್ನು ಬಟ್ಟೆಯ ಗಂಟಿನ ಕೆಳಗೆ ತೂರಿಸಿದಳು. ದೊಡ್ಡಕ್ಕ ಎಡಗೈಯಿಂದ ಆ ಕತ್ತರಿಯನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಅದು ಎಲ್ಲಿ ಬಿತ್ತೆಂದು ನೋಡಲಿಲ್ಲ. ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡಳು.

“ನಾಳೆಯಿಂದ ಗೇಟಿನೊಳಗೆ ಬಿಡಬೇಡ ಅಂತ ಹೇಳಿಬಿಡ್ತೀನಿ,” ಎಂದ ಬೆಳಕಪ್ಪ.

“ಹೇಳಿ.”

“ಬೆಳಕು ಹೋಗ್ತಿದೆ. ಕೊನೇ ಸಲ ಹೇಳ್ತಿದೀನಿ, ಕಟ್ಟು ಬಿಚ್ಚು.”

“ಬಿಚ್ಚಲ್ಲ,” ಎಂದಳು ದೊಡ್ಡಕ್ಕ.