ಟ್ರೇಯಲ್ಲಿ ಹಾಕದ ಕರಡಿಗೆ

ಭುವನೇಶ್ವರಿ ತಾಟಿನಲ್ಲಿ ನೀರು ಚಿಮುಕಿಸಿ ಶಿವಯೋಗ ಮಂದಿರದ ವಿಭೂತಿ ಗಟ್ಟಿಯನ್ನು ತೇಯುತ್ತಿದ್ದಳು. ತೇಯ್ದದ್ದು ಮಂದವಾದರೆ ಎರಡು ಹನಿ ನೀರು, ತೆಳುವಾದರೆ ಮತ್ತೆ ಗಟ್ಟಿ.

ಎದುರಿನ ಗೋಡೆಗೆ ಒರಗಿ ಅವ್ವ ಸಿದ್ದವ್ವ ಕುಳಿತಿದ್ದಳು. ನಿನ್ನೆ ಮಧ್ಯಾಹ್ನ ಉಸಿರು ನಿಂತ ಮೇಲೆ, ಪದ್ಧತಿಯಂತೆ ಕಾಲು ಮಡಚಿ ಕೂಡಿಸಿ, ಬೆನ್ನಿಗೆ ಹಲಗೆ ಕೊಟ್ಟು, ಎದೆಗೊಂದು ಬಟ್ಟೆ ಕಟ್ಟಿದ್ದರು. ಎಡ ಅಂಗೈಯಲ್ಲಿ ಲಿಂಗವಿತ್ತು. ದವಾಖಾನೆಯ ಐಸ್ ಪೆಟ್ಟಿಗೆ ಮಲಗಿಸಿದವರಿಗಷ್ಟೇ, ಕೂಡಿಸಿದವರಿಗೆ ಆಗುವುದಿಲ್ಲ. ಹಾಗಾಗಿ ಕಾಕಾ ಶಂಕ್ರಪ್ಪ ಗಡುವು ಹಾಕಿದ್ದ. "ನಾಳೆ ಹೊತ್ತು ಮುಳುಗೋದ್ರಾಗ ಮಣ್ಣು ಕೊಡಬೇಕು. ಅಷ್ಟ್ರಾಗ ಮಹೇಶ್ವರಿ ಬಂದ್ರ ಅವ್ವನ ಮಾರಿ ನೋಡ್ತಾಳ."

ಆ ನಾಳೆ ಈಗ ಬೆಳಗಾಗುತ್ತಿತ್ತು.

ಅಕ್ಕ ಮಹೇಶ್ವರಿ ಜರ್ಮನಿಯಲ್ಲಿ ನರ್ಸು. ಎರಡು ವರ್ಷದ ಹಿಂದೆ ಹತ್ತು ಹುಡುಗಿಯರ ಗುಂಪಿನಲ್ಲಿ, ಏಜೆಂಟನ ಬೆನ್ನು ಹಿಡಿದು ಹೋದವಳು. ಒಬ್ಬಳೇ ತಿರುಗಿ ಬರುವುದು ಇದೇ ಮೊದಲು. ನಡುವೆ ಅರಬರ ದೇಶದಲ್ಲಿ ಇಳಿದು ವಿಮಾನ ಬದಲಿಸಬೇಕು. ಅದು ಸಿಕ್ಕರೆ ಹನ್ನೊಂದಕ್ಕೆ ಹೈದರಾಬಾದು, ಅಲ್ಲಿಂದ ಕಾರು, ಐದೂವರೆಗೆ ಇಳಕಲ್ಲು.

"ಹುನಗುಂದದಾಗ ಇಳಿಯಾಕಿ ಬಸ್ಸಿನ್ಯಾಗ ನಿದ್ದಿ ಹತ್ತಿ ಅಮೀನಗಡದಾಗ ಕಣ್ಣು ಬಿಟ್ಟಾಕಿ ಆಕಿ" ಎಂದಿದ್ದ ಕಾಕಾ. "ವಿಮಾನ ಬದಲಿ ಮಾಡ್ತಾಳಂತ."

ತಂಗಿ ಭುವನೇಶ್ವರಿಗೆ ಮೊದಲಿನಿಂದಲೂ ಮಾತು ಕಡಿಮೆ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟು, ಅವ್ವನ ಮಗ್ಗದ ಬಾಜೂಕ ಕೂತು ನೂಲಿನ ಕಂಡಿಕೆ ಸುತ್ತುತ್ತ ಬೆಳೆದವಳು. ಈ ಮನೆಯಲ್ಲಿ ಅವಳನ್ನು ಕೇಳಿ ಯಾರೂ ಏನೂ ಮಾಡುತ್ತಿರಲಿಲ್ಲ. ಆದರೆ ನಿನ್ನೆ ಸಂಜೆ ಅಕ್ಕ ಕಳಿಸಿದ ಟಿಕೆಟಿನ ಫೋಟೋವನ್ನು ಕಂಠಪಾಠವಾಗುವ ತನಕ ನೋಡಿದ್ದಳು.

ಆರು ಗಂಟೆಗೆ ಫೋನು ಬಂತು. ಭುವನೇಶ್ವರಿ ಕೈ ಒರೆಸಿಕೊಂಡು ಕಿವಿಗೆ ಹಿಡಿದಳು.

"ಇಳದೇನಿ, ಭುವನಿ. ಯಾ ಕಡೆ ಹೋಗ್ಲಿ?"

"ಬೋರ್ಡ್ ಫೋಟೋ ಕಳಸು."

ಬಂತು. ಎರಡು ಬಾಣ. ಭುವನೇಶ್ವರಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದಳು.

"ಎಡಕ್ಕ ಹೋಗಬ್ಯಾಡ. ಅದು ಹೊರಗ ಹೋಗೂದು, ಸಾಮಾನು ತೊಗೊಳ್ಳೂದು. ಟ್ರಾನ್ಸ್‌ಫರ್ ಅಂತ ಬಲಕ್ಕ ಐತಿ ನೋಡು. ಅಲ್ಲೆ ಹೋಗು."

"ಹೂಂ." ನಡೆಯುವ ಸದ್ದು. "ನನ್ನ ತಲಿ ನಡಿಯವಲ್ದು. ನೀ ಹೇಳಿದಂಗ ಹೋಗ್ತೇನಿ."

ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ದನಿ ಸಣ್ಣದಾಯಿತು.

"ಚೆಕಿಂಗ್ ಸಾಲಿನ್ಯಾಗ ಅದೇನಿ. ಇಲ್ಲಿಯವ ಕೊರಳಾಗಿನ ಲಿಂಗದ ಕರಡಿಗಿ ಬಿಚ್ಚಿ ಟ್ರೇದಾಗ ಹಾಕಂತಾನ. ಬೆಳ್ಳೀದು, ಮಷಿನ್ ಕೂಗ್ತದಂತ. ಜರ್ಮನ್ಯಾಗ ಒಬ್ಬಾಕಿ ಮುಟ್ಟಿ ನೋಡಿ ಬಿಟ್ಟಿದ್ಲು. ಇಲ್ಲಿ ಹೆಂಗಸರ ಇಲ್ಲ. ಏನ ಮಾಡ್ಲಿ?"

ಭುವನೇಶ್ವರಿ ಅವ್ವನ ಅಂಗೈ ನೋಡಿದಳು. ಜ್ವರದಲ್ಲೂ ಕೊರಳಿನಿಂದ ಲಿಂಗ ಇಳಿಸದವಳು ಅವ್ವ.

"ತೆಗೀಬ್ಯಾಡಕ್ಕ" ಅಂದಳು. "ಅವ್ವ ಕೈಯಾಗ ಲಿಂಗ ಹಿಡಕೊಂಡು ಕುಂತಾಳ. ಇವತ್ತ ನೀ ಮೈಯಿಂದ ಬಿಡಬ್ಯಾಡ."

"ಖರೆ. ತೆಗಿಯಂಗಿಲ್ಲ."

ಫೋನು ನಿಂತಿತು. ಭುವನೇಶ್ವರಿ ಮತ್ತೆ ವಿಭೂತಿ ತೇಯತೊಡಗಿದಳು. ವಿಮಾನ ಹೊರಡುವುದು ನಮ್ಮ ಏಳು ಗಂಟೆಗೆ. ಗೋಡೆಯ ಗಡಿಯಾರದಲ್ಲಿ ಆರೂವರೆ, ಆರು ಮುಕ್ಕಾಲು, ಏಳು. ಏಳು ಹತ್ತಕ್ಕೆ ಮೆಸೇಜು ಬಂತು.

"ಹೆಣ್ಣು ಪೊಲೀಸ ಬರೂತನಕ ಬಾಜೂಕ ನಿಲ್ಲಿಸಿದ್ರು. ಬಿಟ್ಟಮ್ಯಾಲೆ ಓಡಿದ್ನಿ. ಗೇಟ್ ಮುಚ್ಚಿತ್ತು. ಮುಂದಿನ ವಿಮಾನ ಸಂಜೀಕ. ಇಳಕಲ್ಲಿಗೆ ನಾಳೆ ಮುಂಜಾನಿ."

ಅವಳು ಅದನ್ನು ಎರಡು ಸಲ ಓದಿದಳು. ತಾಟಿನ ಅಂಚಿನಲ್ಲಿ ವಿಭೂತಿ ಒಣಗಿ ಬಿರುಕು ಬಿಡುತ್ತಿತ್ತು. ಬೆರಳಿನಿಂದ ಬಳಿದು ನಡುವಿಗೆ ತಂದಳು. ಎದ್ದು ಫೋನನ್ನು ಕಾಕಾನ ಕೈಯಲ್ಲಿಟ್ಟಳು.

ಕಾಕಾ ಕನ್ನಡಕ ಏರಿಸಿ ಓದಿ, ಕಟ್ಟೆಯ ಮೇಲೆ ಕೂತಿದ್ದ ಅಯ್ಯನವರಾದ ಬಸಯ್ಯಜ್ಜನಿಗೆ ಹೇಳಿದ. ಬಸಯ್ಯಜ್ಜ ಆ ಮನೆಯವರಿಗೆಲ್ಲ ಲಿಂಗ ಕಟ್ಟಿದವರು.

"ಕರಡಿಗಿ ಸಲುವಾಗಿ ನಿಂತಳಾ?" ಎಂದರು ಅವರು. "ಹುಚ್ಚ ಹುಡುಗಿ. ಬೆಳ್ಳಿ ಕರಡಿಗಿ ಟ್ರೇದಾಗ ಹಾಕಿ, ಲಿಂಗ ಅಂಗೈಯಾಗ ಹಿಡಕೊಂಡು ದಾಟಿದ್ರ ಆಗ್ತಿತ್ತು. ಕಲ್ಲಿಗೆ ಮಷಿನ್ ಕೂಗ್ತದೇನು? ನಾ ವಿಮಾನದಾಗ ಕಾಶಿಗೆ ಹೋದಾಗ ಹಂಗ ಮಾಡಿದ್ನಿ."

"ನಾನ ಹೇಳಿದ್ನಿ ಅಜ್ಜಾರ" ಎಂದಳು ಭುವನೇಶ್ವರಿ. "ತೆಗೀಬ್ಯಾಡಂತ."

ಬಸಯ್ಯಜ್ಜ ಅವಳನ್ನು ನೋಡಿದರು. ಕಾಕಾ ತಲೆ ಕೆರೆದುಕೊಂಡ.

"ಮಾತಾಡೂದಿಲ್ಲ ಮಾತಾಡೂದಿಲ್ಲ ಅಂತ, ಮಾತಾಡಿದ್ದು ಇದಾ ನೋಡು" ಎಂದ. ಬೈಗುಳವಿರಲಿಲ್ಲ, ದಣಿವಿತ್ತು. "ಇನ್ನ ಸಂಜಿತನಕ ಯಾಕ ಕಾಯೂದು. ಕುಣಿ ತಯಾರೈತಿ. ಬಿಸಿಲು ಏರೋದ್ರಾಗ ಮುಗಿಸೋಣು."

ಅಂಗಳದಲ್ಲಿದ್ದ ಗಂಡಸರು ಎದ್ದರು. ಯಾರೋ ಹೂವಿನ ಬುಟ್ಟಿ ಒಳಗೆ ತಂದರು. ಬಸಯ್ಯಜ್ಜ ತಾಟು ತೆಗೆದುಕೊಂಡು, ಅವಳು ತೇಯ್ದ ವಿಭೂತಿಯನ್ನು ಅವ್ವನ ಹಣೆಗೆ, ತೋಳಿಗೆ ಮೂರು ಬೆರಳಿನಿಂದ ಎಳೆದರು. ಹದ ಸರಿಯಾಗಿತ್ತು. ಎಲ್ಲಿಯೂ ಇಳಿಯಲಿಲ್ಲ.

ಕಾಕಾ ತಿರುಗಿ ಕೊಟ್ಟಿದ್ದ ಫೋನು ಅವಳ ಕೈಯಲ್ಲಿ ಒಮ್ಮೆ ನಡುಗಿತು. ಅಕ್ಕ ಒಂದು ಫೋಟೋ ಕಳಿಸಿದ್ದಳು. ಉದ್ದನೆಯ ಖಾಲಿ ಕುರ್ಚಿಗಳ ಸಾಲು, ಕೆಳಗೆ ಇಷ್ಟೇ: "ಇಲ್ಲೆ ಕುಂತೇನಿ. ಇನ್ನ ಯಾ ಕಡೆ ಹೋಗ್ಲಿ?"

ಭುವನೇಶ್ವರಿ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನಾಲ್ವರು ಬಗ್ಗಿ ಅವ್ವನನ್ನು ಎತ್ತಲು ಹಲಗೆಗೆ ಕೈ ಹಚ್ಚಿದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ಮುಂಜಾನಿತನಕ ಇರ್ರಿ ಕಾಕಾ" ಎಂದಳು.

ಕಾಕಾ ಕುಣಿಯ ಹತ್ತಿರ ಇದ್ದವರಿಗೆ ಫೋನು ಹಚ್ಚುತ್ತಿದ್ದ. ಹೆಂಗಸೊಬ್ಬಳು ಅವಳ ಭುಜ ಹಿಡಿದು ಬಾಗಿಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವಳು ಮತ್ತೆ ಹೇಳಿದಳು, ಅದೇ ದನಿಯಲ್ಲಿ.

"ಅಕ್ಕ ಬರೂತನಕ ಇರ್ರಿ."